ಥೆರೆಮಿನ್‌ನ ದನಿ ತಿದ್ದಿದ್ದು: ಒಂದು ಮಳೆಗಾಲದ ಕೆಲಸದ ಲೆಕ್ಕ

ಥೆರೆಮಿನ್ ಕಟ್ಟುವುದು ಒಂದು ಭಾನುವಾರದ ಕೆಲಸ. ಅದರ ದನಿಯನ್ನು ಕೂತು ಕೇಳುವ ಹಾಗೆ ಮಾಡಲು ನನಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಡಿಯಿತು. ನಮ್ಮೂರು ಸಾಗರದ ಮಳೆಯಲ್ಲಿ ಹೊರಗೆ ಹೋಗಲಾಗದ ಭಾನುವಾರಗಳೆಲ್ಲ ಇದಕ್ಕೇ ಹೋದವು. ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಟ್ಟುಕೊಂಡದ್ದನ್ನು, ಕೆಟ್ಟ ಪ್ರಯತ್ನಗಳನ್ನೂ ಬಿಡದೆ, ಇಲ್ಲಿ ಕೊಡುತ್ತಿದ್ದೇನೆ. ಸರ್ಕ್ಯೂಟ್ ಬಹಳ ಕಡೆ ಸಿಗುತ್ತದೆ. ಅದು ಕೂಗಲು ಶುರು ಮಾಡಿದ ಮೇಲೆ ಏನು ಮಾಡಬೇಕು ಅನ್ನುವುದು ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಥೆರೆಮಿನ್ ಮುಟ್ಟದೆ ನುಡಿಸುವ ವಾದ್ಯ. ರಷ್ಯಾದ ಲೆವ್ ತೆರ್ಮೆನ್ 1920ರಲ್ಲಿ ಪೆಟ್ರೋಗ್ರಾಡ್‌ನಲ್ಲಿ ಇದನ್ನು ರೂಪಿಸಿದರು. ಒಳಗೆ ರೇಡಿಯೋ ಆವರ್ತನದ ಎರಡು ಆಸಿಲೇಟರ್ (ಒಂದೇ ಸಮನೆ ಅಲೆ ಹುಟ್ಟಿಸುವ ಸರ್ಕ್ಯೂಟ್). ಒಂದು ಸ್ಥಿರ, ಇನ್ನೊಂದಕ್ಕೆ ಆಂಟೆನಾ. ಆಂಟೆನಾದ ಹತ್ತಿರ ಕೈ ಬಂದರೆ ಎರಡನೆಯದರ ಆವರ್ತನ ಕೊಂಚ ಇಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸ ನಮಗೆ ಸ್ವರವಾಗಿ ಕೇಳುತ್ತದೆ. ಕೈ ಜಾರಿದಂತೆ ಸ್ವರವೂ ಜಾರುವುದರಿಂದ ಗಮಕಕ್ಕೆ ಇದಕ್ಕಿಂತ ಒಗ್ಗುವ ಎಲೆಕ್ಟ್ರಾನಿಕ್ ವಾದ್ಯ ಇಲ್ಲ ಅನ್ನುವುದು ನನ್ನ ನಂಬಿಕೆ. ಶುರು ಮಾಡಿದ್ದೂ ಅದೇ ಆಸೆಯಿಂದ.

ಜೂನ್ 9. ಹಂದರ

ಒಂದೇ ಸಿಡಿ4093 ಐಸಿ, 18 ರೂಪಾಯಿ. ಅದರೊಳಗೆ ನಾಲ್ಕು ಷ್ಮಿಟ್ ನ್ಯಾಂಡ್ ಗೇಟ್ (ಎರಡೂ ಇನ್‌ಪುಟ್ ಮೇಲಿದ್ದಾಗ ಮಾತ್ರ ಔಟ್‌ಪುಟ್ ಕೆಳಗಿಳಿಯುವ ಸರ್ಕ್ಯೂಟ್). ಮೊದಲ ಗೇಟ್ ಸ್ಥಿರ ಆಸಿಲೇಟರ್ (ಪಿನ್ 1, 2, 3). ಎರಡನೆಯದು ಆಂಟೆನಾದ್ದು (5, 6, 4). ಮೂರನೆಯದು ಎರಡನ್ನೂ ಬೆರೆಸಲು (8, 9, 10). ನಾಲ್ಕನೆಯದು (12, 13, 11) ಬೆರೆತದ್ದನ್ನು 'ಚೊಕ್ಕ' ಮಾಡಲು ಎಂದುಕೊಂಡಿದ್ದೆ. ಆ ನಾಲ್ಕನೇ ಗೇಟಿನ ಕಥೆ ಜುಲೈಗೆ ಬರುತ್ತದೆ.

ಎರಡೂ ಆಸಿಲೇಟರ್‌ಗೆ 33ಕೆ (33 ಸಾವಿರ ಓಮ್) ರೆಸಿಸ್ಟರ್, 100 ಪಿಎಫ್ (ಪಿಕೋಫ್ಯಾರಡ್) ಕೆಪಾಸಿಟರ್. ಸ್ಥಿರದ್ದಕ್ಕೆ ಜೊತೆಯಲ್ಲಿ ತಿರುಗಿಸಿ ಹೊಂದಿಸುವ 22 ಪಿಎಫ್ ಟ್ರಿಮ್ಮರ್. 9 ವೋಲ್ಟ್ ಕೊಟ್ಟು, ಅಲೆಯ ಆಕಾರವನ್ನು ಪರದೆಯ ಮೇಲೆ ತೋರಿಸುವ ಸಿಆರ್‌ಒದಲ್ಲಿ ನೋಡಿದರೆ ಸುಮಾರು 300 ಕಿಲೋಹರ್ಟ್ಸ್. ಈ ಲೆಕ್ಕದಲ್ಲಿ ಕೈಯಿಂದ 1 ಪಿಎಫ್ ಬದಲಾದರೂ ಆವರ್ತನ ಎರಡೂವರೆ ಸಾವಿರ ಹರ್ಟ್ಸ್‌ಗಿಂತ ಹೆಚ್ಚು ಸರಿಯುತ್ತದೆ, ಅಂದರೆ ನುಡಿಸಲು ಬೇಕಾದ ಹರವು ಧಾರಾಳವಾಗಿ ಸಿಕ್ಕಿತು.

ಆಂಟೆನಾಕ್ಕೆ ಮೊದಲು 60 ರೂಪಾಯಿಯ ರೇಡಿಯೋ ಟೆಲಿಸ್ಕೋಪಿಕ್ ಹಾಕಿದೆ. ಫ್ಯಾನ್ ಗಾಳಿಗೆ ತುದಿ ಅಲ್ಲಾಡಿ ಸ್ವರವೂ ಅಲ್ಲಾಡಿತು. ಅದನ್ನು ತೆಗೆದು 10 ಮಿಲಿಮೀಟರ್ ದಪ್ಪದ, 45 ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ ಪರದೆ ಕೊಳವೆ ನಿಲ್ಲಿಸಿದೆ.

ಜೂನ್ 16. ಮೊದಲ ಸದ್ದು, ಮೊದಲ ತಪ್ಪು

ಸದ್ದೇ ಬರಲಿಲ್ಲ. ಪಿನ್ 10ರಲ್ಲಿ 4.7ಕೆ ರೆಸಿಸ್ಟರ್, ನೆಲಕ್ಕೆ (ಗ್ರೌಂಡ್‌ಗೆ) 10 ನ್ಯಾನೋಫ್ಯಾರಡ್, ಅಲ್ಲಿಂದ ನೇರ ನಾಲ್ಕನೇ ಗೇಟಿಗೆ. ಪಿನ್ 11 ಅಲ್ಲಾಡದೆ ಕೂತಿತ್ತು. ಎರಡು ಗಂಟೆ ಬೆಸುಗೆ ಹುಡುಕಿದ ಮೇಲೆ ಸಿಆರ್‌ಒ ಹೇಳಿತು: ನ್ಯಾಂಡ್ ಗೇಟಿನಿಂದ ಸೋಸಿ ಬಂದ ಅಲೆ 4.5 ವೋಲ್ಟಿನಿಂದ 9 ವೋಲ್ಟಿನ ನಡುವೆಯೇ ಓಡಾಡುತ್ತದೆ. 4093 ಕೆಳಗೆ ತಿರುಗಬೇಕಾದರೆ ಇನ್‌ಪುಟ್ ಮೂರೂವರೆ ವೋಲ್ಟಿನ ಹತ್ತಿರಕ್ಕಾದರೂ ಇಳಿಯಬೇಕು. ಇಳಿಯುವುದೇ ಇಲ್ಲ. ನಡುವೆ 0.1 ಮೈಕ್ರೋಫ್ಯಾರಡ್ ಹಾಕಿ, ಎರಡು 100ಕೆ ರೆಸಿಸ್ಟರ್‌ನಿಂದ ಇನ್‌ಪುಟ್ಟನ್ನು ಅರ್ಧ ವೋಲ್ಟೇಜಿನಲ್ಲಿ ಕೂರಿಸಿದಾಗ ಕೂಗಿತು.

ಕೂಗಿದ್ದು ಮಾತ್ರವಲ್ಲ, ಹಳೆಯ ಆ್ಯಂಪ್‌ನ ಹೀಟ್‌ಸಿಂಕ್ ಹತ್ತು ನಿಮಿಷಕ್ಕೆ ಬಿಸಿಯಾಯಿತು. ಸ್ಪೀಕರಿನಲ್ಲಿ ಅಷ್ಟು ಜೋರೇನೂ ಇರಲಿಲ್ಲ. ಆ್ಯಂಪ್‌ಗೆ ಹೋಗುವ ಕಡೆಯಲ್ಲೂ ಅಂಥದ್ದೇ ಒಂದು ಸೋಸುವ ಜೋಡಿ ಇಟ್ಟಿದ್ದೆ. ಅಲ್ಲಿ 103 ಎಂದು ಬರೆದ ಕೆಪಾಸಿಟರ್ ಬದಲು 102 ಹಾಕಿಬಿಟ್ಟಿದ್ದೆ. 102 ಅಂದರೆ 1 ನ್ಯಾನೋ, 103 ಅಂದರೆ 10 ನ್ಯಾನೋ. ಸೋಸುವ ಗಡಿ 3.4 ಕಿಲೋಹರ್ಟ್ಸ್‌ನಲ್ಲಿ ಇರಬೇಕಾದದ್ದು 34ಕ್ಕೆ ಹೋಗಿತ್ತು. ಬೋರ್ಡಿನ ತಂತಿಗಳಿಂದ ಹಾರಿದ 300 ಕಿಲೋಹರ್ಟ್ಸ್ ಕಿವಿಗೆ ಕೇಳದೆ ಆ್ಯಂಪಿನೊಳಗೆ ನುಗ್ಗಿ ಅದನ್ನು ಸುಮ್ಮನೆ ದುಡಿಸುತ್ತಿತ್ತು. ಮನೆಯ ಒಳ್ಳೆಯ ಸ್ಪೀಕರ್‌ಗೆ ಜೋಡಿಸಿದ್ದರೆ ಟ್ವೀಟರ್ ಹೋಗುತ್ತಿತ್ತು. ಥೆರೆಮಿನ್ ಕಟ್ಟುವವರಿಗೆ ನನ್ನ ಮೊದಲ ಕೋರಿಕೆ ಇದು: ಆ್ಯಂಪ್ ಜೋಡಿಸುವ ಮುನ್ನ ಆ ಒಂದು ಕೆಪಾಸಿಟರಿನ ಮೇಲಿನ ಅಂಕಿಯನ್ನು ಭೂತಗನ್ನಡಿಯಲ್ಲಿ ಓದಿ.

ಜೂನ್ 23, 30. ಕಚ್ಚಿಕೊಳ್ಳುವ ಆಸಿಲೇಟರ್‌ಗಳು

ದನಿ ತಿದ್ದುವ ಮೊದಲು ಸ್ವರ ನಿಲ್ಲಬೇಕು. ಅಕ್ಕ ಪಿಟೀಲು ನುಡಿಸುತ್ತಾಳೆ, ಹಾಡುವುದು ಐದೂವರೆ ಮನೆ ಶ್ರುತಿಗೆ, ಅಂದರೆ ಷಡ್ಜ ಸುಮಾರು 208 ಹರ್ಟ್ಸ್. ನನ್ನ ವಾದ್ಯ 190ರ ಹತ್ತಿರ ಬಂದ ಕೂಡಲೇ ಫಕ್ಕನೆ ಮೌನವಾಗುತ್ತಿತ್ತು. ಷಡ್ಜದಿಂದ ಕೆಳಗೆ ಇಳಿಯುವಂತೆಯೇ ಇರಲಿಲ್ಲ. ಮಂದ್ರ ಪಂಚಮಕ್ಕೆ 156 ಬೇಕು.

ಕಾರಣ, ಒಂದೇ ಐಸಿಯಲ್ಲಿರುವ ಎರಡು ಆಸಿಲೇಟರ್‌ಗಳು ಆವರ್ತನ ಹತ್ತಿರವಾದಾಗ ಒಂದನ್ನೊಂದು ಎಳೆದು ಕಚ್ಚಿಕೊಳ್ಳುತ್ತವೆ. ವ್ಯತ್ಯಾಸ ಸೊನ್ನೆಯಾಯಿತು ಅಂದರೆ ಸ್ವರವಿಲ್ಲ. ಇನ್ನೊಂದು 4093 ತಂದು ಎರಡನ್ನೂ ಬೇರೆ ಐಸಿಗೆ ಹಾಕಿ, ಬೋರ್ಡಿನಲ್ಲಿ 6 ಸೆಂಟಿಮೀಟರ್ ದೂರ ಇಟ್ಟೆ. ಪ್ರತಿಯೊಂದಕ್ಕೂ ಸಪ್ಲೈ ದಾರಿಯಲ್ಲಿ 100 ಓಮ್, ಐಸಿಯ ಕಾಲಿಗೆ ತಾಗಿದಂತೆ ಒಂದು 104 (0.1 ಮೈಕ್ರೋಫ್ಯಾರಡ್) ಡಿಸ್ಕ್ ಕೆಪಾಸಿಟರ್, ಒಂದು 10 ಮೈಕ್ರೋಫ್ಯಾರಡ್. ಈಗ 40 ಹರ್ಟ್ಸ್‌ವರೆಗೂ ಇಳಿಯುತ್ತದೆ.

ಉಳಿದದ್ದು ಜಾರುವಿಕೆ. ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟರೆ ಷಡ್ಜ ಗಾಂಧಾರಕ್ಕೆ ಹೋಗಿರುತ್ತಿತ್ತು. ಎರಡು ತಪ್ಪು ನನ್ನವು. ಒಂದು, ಡಬ್ಬಿಯಲ್ಲಿ ಸಿಕ್ಕಿದ ಸಾದಾ ಸೆರಾಮಿಕ್ ಡಿಸ್ಕ್ ಹಾಕಿದ್ದು. ತಲೆಯಲ್ಲಿ ಕಪ್ಪು ಗುರುತು ಇರುವ ಎನ್‌ಪಿಒ ಡಿಸ್ಕ್ ಹಾಕಬೇಕು, ಅವು ಬಿಸಿಗೆ ಹೆಚ್ಚು ಬದಲಾಗುವುದಿಲ್ಲ. ಎರಡನೆಯದು, ಆಂಟೆನಾವನ್ನು ಹೈಲಂ (ಕಾಗದ, ರಾಳ ಒತ್ತಿ ಮಾಡಿದ ಹಲಗೆ) ತುಂಡಿನ ಮೇಲೆ ನಿಲ್ಲಿಸಿದ್ದು. ನಮ್ಮ ಕಡೆ ಜೂನ್ ತಿಂಗಳಲ್ಲಿ ಕಪಾಟಿನೊಳಗಿನ ಬಟ್ಟೆಯೇ ಹಸಿಯಾಗಿರುತ್ತದೆ, ಹೈಲಂ ಕುಡಿಯದೆ ಇರುತ್ತದೆಯೇ? ಪಿವಿಸಿ ಪೈಪಿನ ತುಂಡಿಗೆ ಬದಲಾಯಿಸಿದೆ. ಈಗ ಇಪ್ಪತ್ತು ನಿಮಿಷ ಕಾಯಿಸಿ ಶ್ರುತಿ ಮಾಡಿಕೊಂಡರೆ ಒಂದು ಕೃತಿ ಮುಗಿಯುವವರೆಗೆ ತೊಂದರೆ ಇಲ್ಲ.

ಜುಲೈ 7. ನಾಲ್ಕನೇ ಗೇಟ್

ಇಲ್ಲಿಂದ ನಿಜವಾದ ಕೆಲಸ. ಅಕ್ಕ ಬಾಗಿಲಲ್ಲಿ ನಿಂತು ಕೇಳಿ, "ಮೂಗು ಕಟ್ಟಿದವ್ರು ಹಾಡಿದ ಹಾಗಿದ್ಯಲ್ಲೋ" ಅಂದಳು. ಸರಿಯಾಗಿಯೇ ಹೇಳಿದ್ದಳು. ನಾಲ್ಕನೇ ಗೇಟಿನಿಂದ ಬರುತ್ತಿದ್ದುದು ಚೌಕ ಅಲೆ.

ಸಂಗೀತದ ಮಾತಿನಲ್ಲೇ ಹೇಳುತ್ತೇನೆ. ಷಡ್ಜ ನುಡಿಸಿದಾಗ ಅದರ ಎರಡು ಪಟ್ಟು ಆವರ್ತನ ತಾರ ಷಡ್ಜ, ಮೂರು ಪಟ್ಟು ತಾರ ಪಂಚಮ, ನಾಲ್ಕು ಪಟ್ಟು ಅತಿತಾರ ಷಡ್ಜ, ಐದು ಪಟ್ಟು ಅದರ ಮೇಲಿನ ಅಂತರ ಗಾಂಧಾರ. ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರ ಇದೇ. ಚೌಕ ಅಲೆಯಲ್ಲಿ ಬೆಸ ಪಟ್ಟುಗಳು ಮಾತ್ರ ಇರುತ್ತವೆ, ಅವೂ ಜೋರಾಗಿ: ಮೂರನೆಯದು ಮೂರನೇ ಒಂದರಷ್ಟು, ಐದನೆಯದು ಐದನೇ ಒಂದರಷ್ಟು. ಮೇಲಿನ ಷಡ್ಜಗಳು ಒಂದೂ ಇಲ್ಲ. ಪಂಚಮ ಗಾಂಧಾರ ಕಿರುಚುತ್ತಿರುವಾಗ ಷಡ್ಜ ತನ್ನ ಮೇಲಿನ ಷಡ್ಜವಿಲ್ಲದೆ ನಿಂತಿರುವ ಆ ಟೊಳ್ಳು ದನಿಯನ್ನೇ ಅಕ್ಕ ಮೂಗು ಅಂದದ್ದು.

ಮೊದಲಿಗೆ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪಿನ್ 11ರ ನಂತರ ಸೋಸುವ ರೆಸಿಸ್ಟರ್, ಕೆಪಾಸಿಟರ್ ಒಂದರ ಹಿಂದೆ ಒಂದು ಇಡುತ್ತಾ ಹೋದೆ. 10ಕೆ ಮತ್ತು 22 ನ್ಯಾನೋ, ಮತ್ತೆ 10ಕೆ ಮತ್ತು 22 ನ್ಯಾನೋ. ಗಡಿ ಸುಮಾರು 720 ಹರ್ಟ್ಸ್. ಮಂದ್ರದಲ್ಲಿ ಹಾಗೇ ಕರಕರ, ತಾರದಲ್ಲಿ ದನಿಯೇ ಉಡುಗಿತು. ಏಕೆಂದರೆ ಸೋಸುಗ ಒಂದೇ ಜಾಗದಲ್ಲಿ ನಿಂತಿದೆ, ಸ್ವರ ಮಾತ್ರ ಓಡಾಡುತ್ತಿದೆ. ಮೂರು ರಾತ್ರಿ ಬೇರೆ ಬೇರೆ ಬೆಲೆ (ಓಮ್, ಫ್ಯಾರಡ್ ಅಳತೆ) ಹಾಕಿ ನೋಡಿದೆ. ಒಂದು ಸ್ಥಾಯಿಗೆ ಹೊಂದಿದ್ದು ಇನ್ನೊಂದಕ್ಕೆ ಹೊಂದಲಿಲ್ಲ.

ಜುಲೈ 7ರ ಸಂಜೆ ಬೇರೇನನ್ನೋ ಅಳೆಯಲು ಸಿಆರ್‌ಒ ಮುಳ್ಳನ್ನು ಪಿನ್ 10ರ ಫಿಲ್ಟರಿನ ಮೇಲೆ ಇಟ್ಟೆ. ಪರದೆಯ ಮೇಲೆ ತ್ರಿಕೋನ ಅಲೆ! ನೆಟ್ಟಗಿನ ಏರು, ನೆಟ್ಟಗಿನ ಇಳಿಜಾರು, ಮೇಲಿನ ತುದಿ ಮಾತ್ರ ಸ್ವಲ್ಪ ಚಪ್ಪಟೆ. ಆಮೇಲೆ ಯೋಚಿಸಿದರೆ ಅದು ಹಾಗೇ ಇರಬೇಕಾದದ್ದು. ಎರಡು ಚೌಕ ಅಲೆಗಳು ಒಂದರ ಮೇಲೊಂದು ನಿಧಾನ ಸರಿಯುವಾಗ ನ್ಯಾಂಡ್ ಗೇಟ್ ತೆರೆದಿರುವ ಹೊತ್ತು ಸಮನಾಗಿ ಹೆಚ್ಚುತ್ತದೆ, ಸಮನಾಗಿ ಕಡಿಮೆಯಾಗುತ್ತದೆ. ಅದರ ಸರಾಸರಿಯೇ ತ್ರಿಕೋನ. ಸ್ವರ ಎಲ್ಲಿದ್ದರೂ ಆಕಾರ ಅದೇ. ತ್ರಿಕೋನದಲ್ಲಿ ಮೂರನೇ ಪಟ್ಟು ಒಂಬತ್ತನೇ ಒಂದರಷ್ಟು, ಐದನೆಯದು ಇಪ್ಪತ್ತೈದನೇ ಒಂದರಷ್ಟು ಮಾತ್ರ.

ಅಂದರೆ ಮೆತ್ತಗಿನ ದನಿ ಮೊದಲ ದಿನದಿಂದಲೂ ಬೋರ್ಡಿನ ಮೇಲೆ ಇತ್ತು. ಚೊಕ್ಕ ಮಾಡುತ್ತೇನೆಂದು ನಾಲ್ಕನೇ ಗೇಟಿಗೆ ಕೊಟ್ಟು ಅದನ್ನು ನಾನೇ ಚೌಕ ಮಾಡಿದ್ದೆ, ಆಮೇಲೆ ಆ ಚೌಕವನ್ನು ಉಜ್ಜಿ ದುಂಡಗೆ ಮಾಡಲು ಮೂರು ರಾತ್ರಿ ಕಳೆದಿದ್ದೆ. ಗೇಟ್ ಕಿತ್ತೆ, ಪಿನ್ 12 ಮತ್ತು 13 ನೆಲಕ್ಕೆ ಕಟ್ಟಿದೆ, ಫಿಲ್ಟರಿನಿಂದ 0.1 ಮೈಕ್ರೋಫ್ಯಾರಡ್ ಮೂಲಕ ನೇರ ಹೊರಕ್ಕೆ. ಕೊಳಲಿನ ಹತ್ತಿರದ ದನಿ ಬಂತು. ಈ ಇಡೀ ಬರಹದಲ್ಲಿ ಒಂದೇ ಸಾಲು ಯಾರಿಗಾದರೂ ಉಪಯೋಗಕ್ಕೆ ಬರುವುದಾದರೆ ಅದು ಇದು: 4093 ಥೆರೆಮಿನ್ ಕಟ್ಟಿದ್ದರೆ ಔಟ್‌ಪುಟ್ಟನ್ನು ಪಿನ್ 10ರ ಕಡೆಯಿಂದ ತೆಗೆದು ಒಮ್ಮೆ ಕೇಳಿ.

ಜುಲೈ 14ರಿಂದ 28. ಸಮ ಪಟ್ಟುಗಳನ್ನು ತರುವುದು

ಕೊಳಲಿನಂತಿದ್ದರೂ ಸಪ್ಪೆ. ತ್ರಿಕೋನದಲ್ಲೂ ಬೆಸ ಪಟ್ಟುಗಳೇ ಇರುವುದು. ಮೇಲಿನ ಷಡ್ಜ ಬೇಕೆಂದರೆ ಅಲೆಯ ಮೇಲರ್ಧ ಮತ್ತು ಕೆಳ ಅರ್ಧ ಒಂದೇ ತರಹ ಇರಬಾರದು, ಒಂದು ಕಡೆಯನ್ನು ಮಾತ್ರ ಹೆಚ್ಚು ಅದುಮಬೇಕು.

ಮೊದಲು ಬಿಸಿ547 ಟ್ರಾನ್ಸಿಸ್ಟರಿಗೆ ಜಾಸ್ತಿ ಸಿಗ್ನಲ್ ಕೊಟ್ಟು ಒಂದು ಕಡೆ ಕತ್ತರಿಸಲು ನೋಡಿದೆ. ಬೇಸ್‌ಗೆ ಒಂದೇ ರೆಸಿಸ್ಟರಿನಿಂದ ಬಯಾಸ್ ಕೊಟ್ಟಿದ್ದರಿಂದ ಕಲೆಕ್ಟರ್ 1.2 ವೋಲ್ಟಿನಲ್ಲಿ ಕೂತು ಅರ್ಧ ಅಲೆಯೇ ಹೋಯಿತು. ಇನ್ನೊಂದು ಬಿಸಿ547 ಹಾಕಿದರೆ ಬೇರೆಯೇ ದನಿ. ಟ್ರಾನ್ಸಿಸ್ಟರ್ ಬದಲಾದಂತೆ ವಾದ್ಯ ಬದಲಾಗುವುದು ಬೇಡವೆಂದು ಬಿಟ್ಟೆ.

ಡಯೋಡ್ ಸುಲಭವಾಯಿತು. 10ಕೆ ರೆಸಿಸ್ಟರಿನ ನಂತರ ನೆಲಕ್ಕೆ ಒಂದು ಕಡೆಗೆ ಒಂದು 1ಎನ್4148, ಎದುರು ದಿಕ್ಕಿಗೆ ಸಾಲಾಗಿ ಎರಡು. ಮೇಲೆ 0.6 ವೋಲ್ಟಿಗೆ, ಕೆಳಗೆ 1.2 ವೋಲ್ಟಿಗೆ ಕತ್ತರಿಸುತ್ತದೆ. ತಕ್ಷಣ ದನಿಗೆ ಮೈ ಬಂತು, ಆದರೆ ಕತ್ತರಿಸಿದ ಮೂಲೆ ಚೂಪಾಗಿದ್ದರಿಂದ ಲೋಹದ ಅಂಚು ಕೇಳುತ್ತಿತ್ತು.

ಅಟ್ಟದಲ್ಲಿದ್ದ ಅಪ್ಪನ ಕಾಲದ ರೇಡಿಯೋದಲ್ಲಿ ಓಎ79 ಜರ್ಮೇನಿಯಂ ಡಯೋಡ್ ಇತ್ತು. ಇದರ ಮೊಣಕಾಲು ಮೆತ್ತಗೆ, ಸುಮಾರು 0.3 ವೋಲ್ಟಿನಿಂದ ನಿಧಾನವಾಗಿ ಬಾಗುತ್ತದೆ. ಬೆಸುಗೆ ಕಾವು ತಾಗಿದರೆ ಹಾಳಾಗುವ ವಸ್ತು, ಅದಕ್ಕೇ ಚಿಮುಟದಲ್ಲಿ ಕಾಲು ಹಿಡಿದು ತೆಗೆದೆ. ಒಂದು ಕಡೆಗೆ ಓಎ79, ಇನ್ನೊಂದು ಕಡೆಗೆ ಒಂದು 1ಎನ್4148. ಅಲೆಯ ಎತ್ತರ ಒಂದು ವೋಲ್ಟಿಗೂ ಕಡಿಮೆಯಾಯಿತು, ಆದರೆ ಅಂಚು ಹೋಗಿ ತಂತಿಯನ್ನು ಕಮಾನು ಉಜ್ಜಿದಂಥ ಗುಣ ಬಂತು. ಬದಲಾಯಿಸದೆ ಹಾಗೇ ಉಳಿಸಿಕೊಂಡದ್ದು ಈ ಜೋಡಿಯನ್ನೇ. 10ಕೆ ಬದಲು 4.7ಕೆ ಮತ್ತು 47ಕೆ ಪಾಟ್ (ತಿರುಗಿಸಿ ಬದಲಾಯಿಸುವ ರೆಸಿಸ್ಟರ್) ಸಾಲಾಗಿ ಹಾಕಿದ್ದೇನೆ. ಪಾಟ್ ಒಂದು ತುದಿಗೆ ಬಂದರೆ ದನಿ ಒರಟು, ಇನ್ನೊಂದು ತುದಿಗೆ ಬಂದರೆ ಮೆದು.

ಆಗಸ್ಟ್ 4ರಿಂದ 25. 'ಆ'

ಈಗ ಬಾಯಿ ಕೊಡಬೇಕು. ಮನುಷ್ಯರ 'ಆ' ಸ್ವರಕ್ಕೆ ಶ್ರುತಿ ಯಾವುದೇ ಇರಲಿ, ಸುಮಾರು 700 ಹರ್ಟ್ಸ್ ಮತ್ತು 1,100 ಹರ್ಟ್ಸ್ ಹತ್ತಿರ ದನಿ ಹೆಚ್ಚು ಜೋರಾಗುವ ಎರಡು ಉಬ್ಬು ಇರುತ್ತವೆ. ಬಾಯಿ ಗಂಟಲಿನ ಆಕಾರದಿಂದ ಬರುವಂಥವು. ಸೋಸುಗ ಒಂದೇ ಜಾಗದಲ್ಲಿ ನಿಂತಿರುವುದು ಜುಲೈನಲ್ಲಿ ತೊಂದರೆಯಾಗಿತ್ತು, ಇಲ್ಲಿ ಬೇಕಾದದ್ದೇ ಅದು.

ಕೈಯಲ್ಲಿದ್ದ ಆಪ್-ಆ್ಯಂಪ್ (ಸಿಗ್ನಲ್ ದೊಡ್ಡದು ಮಾಡುವ ಐಸಿ) ಎಲ್‌ಎಂ358ರಿಂದ ಶುರು ಮಾಡಿದೆ. ಸಣ್ಣ ದನಿಯಲ್ಲಿ ಮರಳು ಅರೆದಂತೆ ಕರಕರ. ಆ ಐಸಿಯ ಔಟ್‌ಪುಟ್ ಮೇಲಿನಿಂದ ಕೆಳಕ್ಕೆ ದಾಟುವಾಗ ಒಂದು ಮೆಟ್ಟಿಲು ಬೀಳುತ್ತದೆ. ಔಟ್‌ಪುಟ್‌ನಿಂದ ನೆಲಕ್ಕೆ 4.7ಕೆ ಹಾಕಿದರೆ ಬಹುಮಟ್ಟಿಗೆ ಹೋಗುತ್ತದೆ, ಪರೀಕ್ಷಿಸಿದ್ದೇನೆ. ಆದರೂ ಟಿಎಲ್072 ಹಾಕುವುದೇ ಮೇಲು, 20 ರೂಪಾಯಿ. ಒಂದೇ 9 ವೋಲ್ಟ್ ಸಪ್ಲೈ ಆದ್ದರಿಂದ ಎರಡು 10ಕೆ ಮತ್ತು 47 ಮೈಕ್ರೋಫ್ಯಾರಡ್‌ನಿಂದ 4.5 ವೋಲ್ಟಿನ ನಡು ನೆಲ ಮಾಡಿಕೊಳ್ಳಬೇಕು.

ಉಬ್ಬಿಗೊಂದರಂತೆ ಕಟ್ಟಿದ ಎರಡು ಫಿಲ್ಟರ್‌ಗೂ ಎರಡೆರಡು 10 ನ್ಯಾನೋಫ್ಯಾರಡ್. ಮೊದಲ ಸುತ್ತಿನ ಬೆಲೆಗಳು: ಒಳಬರುವ ರೆಸಿಸ್ಟರ್ 47ಕೆ, ಫೀಡ್‌ಬ್ಯಾಕ್ 180ಕೆ, ನೆಲಕ್ಕೆ ಹೋಗುವುದು ಒಂದರಲ್ಲಿ 3.3ಕೆ, ಇನ್ನೊಂದರಲ್ಲಿ 1.2ಕೆ. ಲೆಕ್ಕದಲ್ಲಿ 675 ಮತ್ತು 1,097 ಹರ್ಟ್ಸ್. ಈ ಜೋಡಣೆಯ ಅನುಕೂಲ ಏನೆಂದರೆ ನೆಲಕ್ಕೆ ಹೋಗುವ ಆ ಒಂದು ರೆಸಿಸ್ಟರ್ ಬದಲಾಯಿಸಿದರೆ ಉಬ್ಬು ಜಾಗ ಬದಲಿಸುತ್ತದೆ, ಎತ್ತರವೂ ಅಗಲವೂ ಹಾಗೇ ಉಳಿಯುತ್ತವೆ.

'ಆ' ಬಂತು. ಮಧ್ಯ ಷಡ್ಜದಲ್ಲಿ ಅದರ ಮೂರನೇ ಪಟ್ಟು 623, ಐದನೇ ಪಟ್ಟು 1,040ರ ಹತ್ತಿರ, ಎರಡೂ ಉಬ್ಬುಗಳ ಮೇಲೆ ಕೂರುತ್ತವೆ. ಅಡುಗೆ ಮನೆಯಿಂದ ಅಕ್ಕ ಇಣುಕಿ ನೋಡಿದಳು. ಆ ಸಂಜೆ ಮತ್ತೇನನ್ನೂ ಮುಟ್ಟದೆ ನುಡಿಸುತ್ತಾ ಕೂತೆ.

ಮಾರನೆಯ ವಾರ ಎರಡು ದೋಷ ಕಂಡವು. ಮೊದಲನೆಯದು, ತಾರ ಸ್ಥಾಯಿಯಲ್ಲಿ ಧೈವತ ಮಾತ್ರ ಅರಚುತ್ತಿತ್ತು. ಆ ಸ್ವರದ ಮೂಲ ಆವರ್ತನವೇ 675ರ ಉಬ್ಬಿನ ಮೇಲೆ ಬೀಳುತ್ತದೆ, ಉಬ್ಬು ಬರೀ 177 ಹರ್ಟ್ಸ್ ಅಗಲ. ಫಿಲ್ಟರ್ ತೀರಾ ಚೂಪಾಗಿತ್ತು. ಬೆಲೆಗಳನ್ನು ಹೀಗೆ ಬದಲಾಯಿಸಿದೆ: ಒಳಬರುವುದು 27ಕೆ, ಫೀಡ್‌ಬ್ಯಾಕ್ 100ಕೆ, ನೆಲಕ್ಕೆ 6.8ಕೆ ಮತ್ತು 2.2ಕೆ. ಆವರ್ತನ 683 ಮತ್ತು 1,116, ಅಗಲ ಸುಮಾರು 318 ಹರ್ಟ್ಸ್. ಅರಚು ನಿಂತಿತು, 'ಆ' ಸ್ವಲ್ಪ ಮಸುಕಾಯಿತು. ಈ ಕೊಡುಕೊಳ್ಳು ಒಪ್ಪಲೇಬೇಕು, ಚೂಪಾದ 'ಆ' ಇಟ್ಟುಕೊಂಡು ರಾಗ ನುಡಿಸಲಾಗುವುದಿಲ್ಲ.

ಎರಡನೆಯದಕ್ಕೆ ನಾಲ್ಕು ದಿನ ಹಿಡಿಯಿತು. ಫಿಲ್ಟರ್ ದನಿಯ ಜೊತೆ ಮೂಲ ದನಿಯನ್ನೂ ಸ್ವಲ್ಪ ಬೆರೆಸಿದರೆ ತುಂಬಿಕೊಳ್ಳುತ್ತದೆ ಎಂದುಕೊಂಡು 47ಕೆ ಮೂಲಕ ಸೇರಿಸಿದೆ. ತುಂಬಿಕೊಳ್ಳುವ ಬದಲು 'ಆ' ಮಾಯವಾಯಿತು! ಹೆಚ್ಚು ಬೆರೆಸಿದಷ್ಟೂ ಮತ್ತೆ ಮೂಗು. ಫಿಲ್ಟರ್ ತಪ್ಪಿದೆಯೆಂದು ಎರಡು ಸಲ ಬಿಚ್ಚಿ ಕಟ್ಟಿದೆ. ಕೊನೆಗೆ ಸಿಆರ್‌ಒದ ಎರಡು ಚಾನೆಲ್‌ನಲ್ಲಿ ಎರಡನ್ನೂ ಒಟ್ಟಿಗೆ ನೋಡಿದಾಗ ತಿಳಿಯಿತು. ಈ ತರಹದ ಫಿಲ್ಟರ್ ತನ್ನ ನಡು ಆವರ್ತನದಲ್ಲಿ ಅಲೆಯನ್ನು ತಲೆಕೆಳಗು ಮಾಡುತ್ತದೆ. ನಾನು ಬೆರೆಸಿದ ಮೂಲ ಅಲೆ ನೆಟ್ಟಗಿತ್ತು. ಉಬ್ಬಬೇಕಾದ ಜಾಗದಲ್ಲೇ ಒಂದು ಇನ್ನೊಂದನ್ನು ತಿನ್ನುತ್ತಿತ್ತು. ಮೂಲ ಅಲೆಗೂ ಒಂದು ತಲೆಕೆಳಗು ಮಾಡುವ ಹಂತ ಕೊಟ್ಟ ಮೇಲೆ ಸರಿಹೋಯಿತು. ಈಗ ಎರಡು ಟಿಎಲ್072: ಮೊದಲನೆಯದರ ಎರಡು ಅರ್ಧ ಎರಡು ಫಿಲ್ಟರಿಗೆ, ಎರಡನೆಯದರಲ್ಲಿ ಒಂದರ್ಧ ಮೂಲ ಅಲೆಯನ್ನು ತಿರುಗಿಸಲು, ಇನ್ನರ್ಧ ಮೂರನ್ನೂ ಕೂಡಿಸಲು.

ಸೆಪ್ಟೆಂಬರ್ 1ರಿಂದ 15. ಎತ್ತುಗಡೆ

ದನಿ ಬಂದರೂ ಹಾಡಿದಂತೆ ಕೇಳುತ್ತಿರಲಿಲ್ಲ. ಅಕ್ಕ ಒಂದು ಗಂಟೆ ಕೈಯಾಡಿಸಿ ನೋಡಿ ಹೇಳಿದ್ದು: "ನೋಡೋ, ಇದಕ್ಕೆ ಸ್ವರ ಉಂಟು, ಎತ್ತುಗಡೆ ಇಲ್ಲ. ಕಮಾನು ತಂತಿ ಹಿಡಿಯೋದು, ಬಿಡೋದು ಕೇಳ್ಬೇಕು. ಇದು ಒಂದೇ ಸಮನೆ ಎಳೀತಾ ಇರುತ್ತೆ." ತೆರ್ಮೆನ್ ತಮ್ಮ ವಾದ್ಯಕ್ಕೆ ಎಡಗೈಗೆ ಬೇರೆಯೇ ಆಂಟೆನಾ ಇಟ್ಟದ್ದು ಇದಕ್ಕೇ. ಅದರಲ್ಲಿ ಹೆಸರು ಮಾಡಿದ ಕ್ಲಾರಾ ರಾಕ್‌ಮೋರ್ ಮೊದಲು ಪಿಟೀಲು ಕಲಿತವರು ಅನ್ನುವುದು ಆ ಹೊತ್ತಿಗೆ ನನಗೆ ಹೊಸದಾಗಿ ಅರ್ಥವಾಯಿತು. ಇನ್ನೊಂದು ಜೋಡಿ ಆಸಿಲೇಟರ್ ಕಟ್ಟುವ ಧೈರ್ಯ ಇರಲಿಲ್ಲ, ಬೆಳಕು ಬಿದ್ದಷ್ಟೂ ತಡೆ ಕಡಿಮೆಯಾಗುವ ರೆಸಿಸ್ಟರ್ ಆದ ಎಲ್‌ಡಿಆರ್ ಹಿಡಿದೆ.

ಎಲ್‌ಡಿಆರನ್ನು ಪೆಟ್ಟಿಗೆಯ ಮೇಲೆ ಇಟ್ಟು ಎಡಗೈ ನೆರಳಿನಿಂದ ದನಿ ಏರಿಳಿಸುವ ಮೊದಲ ಪ್ರಯತ್ನ ಹಗಲಲ್ಲಿ ಚೆನ್ನಾಗಿತ್ತು. ರಾತ್ರಿ ಟ್ಯೂಬ್‌ಲೈಟ್ ಹಾಕಿದ ಕೂಡಲೇ ಸ್ವರದ ತುಂಬ ಝುಂಯ್ ಎನ್ನುವ ನಡುಕ. ಚೋಕ್ ಇರುವ ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ನಮ್ಮ ಕಣ್ಣಿಗೆ ಕಾಣದ್ದು ಎಲ್‌ಡಿಆರ್‌ಗೆ ಕಾಣುತ್ತದೆ.

ಬೆಳಕು ಮುಚ್ಚಿದ ಪೆಡಲ್ ಮಾಡಿದೆ. 25 ಸೆಂಟಿಮೀಟರ್ ಉದ್ದದ ಎರಡು ಹಲಗೆ, ಹಿಂದೆ ಒಂದು ಕೀಲು. ನಡುವಿನ ಪುಟ್ಟ ಡಬ್ಬಿಯಲ್ಲಿ ಎದುರುಬದುರು ಹಸಿರು ಎಲ್‌ಇಡಿ ಮತ್ತು ಎಲ್‌ಡಿಆರ್. ಎಲ್‌ಡಿಆರ್ ಹಸಿರು ಬೆಳಕಿಗೆ ಚೆನ್ನಾಗಿ ಸ್ಪಂದಿಸುತ್ತದೆ, ಕೆಂಪಿಗೆ ಅಷ್ಟಿಲ್ಲ. ಎಲ್‌ಇಡಿಗೆ 1ಕೆ ಮೂಲಕ 9 ವೋಲ್ಟ್. ಮೇಲಿನ ಹಲಗೆಗೆ ಅಂಟಿಸಿದ ಕಪ್ಪು ರಟ್ಟು ಎರಡರ ನಡುವೆ ಅಡ್ಡ ನಿಂತಿರುತ್ತದೆ. ರಟ್ಟಿನಲ್ಲಿ ಬೆಣೆಯಾಕಾರದ ಕಿಂಡಿ ಕತ್ತರಿಸಿದ್ದೇನೆ, ಕಾಲು ಒತ್ತಿದಷ್ಟೂ ಕಿಂಡಿಯ ಅಗಲದ ಭಾಗ ಎದುರಿಗೆ ಬರುತ್ತದೆ. ಸ್ಪ್ರಿಂಗ್ ಬದಲಿಗೆ ಹವಾಯಿ ಚಪ್ಪಲಿಯ ಹಿಮ್ಮಡಿ ತುಂಡು. ಮೂರು ತರಹದ ಸ್ಪ್ರಿಂಗ್ ನೋಡಿದೆ, ಯಾವುದೂ ಅಷ್ಟು ಮೆತ್ತಗೆ ಹಿಂದಕ್ಕೆ ಬರಲಿಲ್ಲ.

ಪೆಡಲ್‌ಗೆ ಮೊದಲು ಸಾದಾ ಸ್ಪೀಕರ್ ವೈರ್ ಎಳೆದಿದ್ದೆ, ಮೌನವಿರಬೇಕಾದಲ್ಲಿ ಕರೆಂಟಿನ ಗುಂಯ್‌ಗುಡುವಿಕೆ. ಕತ್ತಲಲ್ಲಿ ಎಲ್‌ಡಿಆರ್ ಹತ್ತು ಲಕ್ಷ ಓಮ್ ಮೀರುತ್ತದೆ, ಅಂಥ ತಂತಿ ಆಂಟೆನಾ ಇದ್ದ ಹಾಗೆ. ಶೀಲ್ಡ್ ಇರುವ ಮೈಕ್ ಕೇಬಲ್ ಹಾಕಿದ ಮೇಲೆ ಹೋಯಿತು. ಮುಂದಿನ ಲೋಡ್ ರೆಸಿಸ್ಟರನ್ನು 10ಕೆಯಿಂದ 4.7ಕೆಗೆ ಇಳಿಸಿದ ಮೇಲೆ ಕಾಲು ತೆಗೆದಾಗ ಉಳಿಯುತ್ತಿದ್ದ ಸೋರು ದನಿಯೂ ಕೇಳದಷ್ಟಾಯಿತು. ಪೆಡಲನ್ನು ಡಯೋಡ್‌ಗಳ ಮುಂಚೆ ಹಾಕಿ ನೋಡಿದೆ. ಅರ್ಧ ಒತ್ತುವಷ್ಟರಲ್ಲೇ ಪೂರ್ತಿ ಜೋರಾಗುತ್ತದೆ, ಏಕೆಂದರೆ ಡಯೋಡ್ ಮೇಲಿನದನ್ನೆಲ್ಲ ಅದುಮಿಬಿಡುತ್ತದೆ. ಎಲ್ಲದರ ಕೊನೆಯಲ್ಲೇ ಇರಬೇಕು.

ಎಲ್‌ಡಿಆರ್ ನಿಧಾನ ಅನ್ನುವುದು ಅದರ ದೋಷವೆಂದು ಎಣಿಸಿದ್ದೆ. ಇಲ್ಲಿ ಅದೇ ಉಪಕಾರವಾಯಿತು. ಬೆಳಕು ಹೋದ ಮೇಲೂ ಒಂದು ಕ್ಷಣ ತಡೆದು ಮುಚ್ಚಿಕೊಳ್ಳುವುದರಿಂದ ಸ್ವರ ಕತ್ತರಿಸಿದಂತೆ ನಿಲ್ಲದೆ ಉಸಿರು ಮುಗಿದಂತೆ ನಿಲ್ಲುತ್ತದೆ. ಇಷ್ಟು ತಿಂಗಳ ಫಿಲ್ಟರ್ ಕೆಲಸಕ್ಕಿಂತ ಈ ಹಲಗೆಯೇ ದನಿಯನ್ನು ಮನುಷ್ಯರ ಹತ್ತಿರ ತಂದಿತು. ಮತ್ತೊಮ್ಮೆ ಮಾಡುವುದಾದರೆ ಪೆಡಲನ್ನು ಮೊದಲು ಮಾಡಿ, ಆಮೇಲೆ ಫಿಲ್ಟರ್ ಬೆಲೆಗಳನ್ನು ಕಿವಿಯಿಂದ ಆರಿಸುತ್ತೇನೆ.

ಸಪ್ಲೈ, ಅರ್ತಿಂಗ್, ಖರ್ಚು

ಮೊದಲಿಗಿದ್ದ 12 ವೋಲ್ಟ್ ಎಸ್‌ಎಂಪಿಎಸ್ ಅಡಾಪ್ಟರ್ (180 ರೂಪಾಯಿ, ಈಗ ಮೂಲೆಯಲ್ಲಿದೆ) ಸ್ವರದ ಜೊತೆ ಇನ್ನೊಂದು ಸಣ್ಣ ಶಿಳ್ಳೆ ಕೊಡುತ್ತಿತ್ತು. ಅದರ ಸ್ವಿಚಿಂಗ್ ಸದ್ದೂ ಆಸಿಲೇಟರ್ ಜೊತೆ ಬೆರೆಯುತ್ತದೆ. ಹಳೆಯ ತರಹದ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, 1000 ಮೈಕ್ರೋಫ್ಯಾರಡ್, 9 ವೋಲ್ಟಿಗೆ ಹಿಡಿದಿಡುವ 7809 ಹಾಕಿದ ಮೇಲೆ ಶುದ್ಧ. ಕರೆಂಟ್ ಹೋಗಿ ಮನೆಯ ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಈಗಲೂ ಗೊರಗೊರ ಇದೆ, ಆಗ ನುಡಿಸುವುದಿಲ್ಲ. ಮೂರು ಪಿನ್ನಿನ ವೈರ್ ಹಾಕಿ ಸರ್ಕ್ಯೂಟಿನ ನೆಲವನ್ನು ಅರ್ತ್‌ಗೆ ಸೇರಿಸಲೇಬೇಕು. ಇಲ್ಲದಿದ್ದರೆ ಆ್ಯಂಪ್ ಮುಟ್ಟಿದಾಗೊಮ್ಮೆ ಶ್ರುತಿ ಬದಲಾಗುತ್ತದೆ.

ಉಳಿದು ಕೆಲಸಕ್ಕೆ ಬಂದ ಸಾಮಾನಿನ ಲೆಕ್ಕ: 4093 ಮೂರು (ಒಂದು ಹೆಚ್ಚುವರಿ) 54, ಟಿಎಲ್072 ಎರಡು 40, ವೆರೋ ಬೋರ್ಡ್ 60, ಟ್ರಾನ್ಸ್‌ಫಾರ್ಮರ್ 140, ಸಪ್ಲೈಯ ಬಾಕಿ ಭಾಗ 65, ಎಲ್‌ಡಿಆರ್ ಎರಡು 20, ಮೈಕ್ ಕೇಬಲ್ 50, ಅಲ್ಯೂಮಿನಿಯಂ ಕೊಳವೆ 110, ಪಾಟ್ ಮತ್ತು ನಾಬ್ 90, ರೆಸಿಸ್ಟರ್, ಕೆಪಾಸಿಟರ್, ಡಯೋಡ್ 120. ಒಟ್ಟು 749 ರೂಪಾಯಿ. ಅಡಾಪ್ಟರ್, ಟೆಲಿಸ್ಕೋಪಿಕ್ ಆಂಟೆನಾ, ಎರಡು ಎಲ್‌ಎಂ358 ಸೇರಿ 270 ರೂಪಾಯಿ ವ್ಯರ್ಥವಾಯಿತು. ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದಾಗ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್‌ಪಿ ರೋಡಿನಲ್ಲಿ ಕೊಂಡದ್ದರಿಂದ ಕೊರಿಯರ್ ಖರ್ಚು ಬರಲಿಲ್ಲ.

ಸೆಪ್ಟೆಂಬರ್ 22. ಬಾಕಿ

ಇವತ್ತು ಅಕ್ಕ ತಂಬೂರಿ ಹಚ್ಚಿಕೊಂಡು ಮೋಹನ ರಾಗದಲ್ಲಿ ಅರ್ಧ ಗಂಟೆ ಥೆರೆಮಿನ್ ನುಡಿಸಿದಳು. ಮಧ್ಯ ಸ್ಥಾಯಿ ಚೆನ್ನಾಗಿ ನಿಂತಿತು. ತಾರ ಷಡ್ಜ ದಾಟಿದ ಮೇಲೆ 'ಆ' ತೆಳುವಾಗುತ್ತದೆ. ಮೂಲವೇ 415ಕ್ಕೆ ಹೋದಾಗ ಅದರ ಎರಡನೇ ಪಟ್ಟು 830, ಎರಡು ಉಬ್ಬುಗಳ ನಡುವಿನ ತಗ್ಗಿನಲ್ಲಿ ಬೀಳುತ್ತದೆ. ಇದಕ್ಕೆ ಏನು ಮಾಡುವುದೆಂದು ಬೋರ್ಡ್ ನೋಡುತ್ತಾ ಕೂತಿದ್ದೆ. ಅಕ್ಕ ಪಿಟೀಲು ಪೆಟ್ಟಿಗೆ ಮುಚ್ಚುತ್ತಾ ಅಂದಳು: "ಮೇಲೆ ಹೋಗುವಾಗ ನಾವು ಬಾಯಿ ಇನ್ನೂ ಅಗಲ ಮಾಡ್ತೀವಲ್ಲೋ. ಇದು ಅಷ್ಟೇ ಬಾಯಲ್ಲಿ ಹಾಡ್ತಾ ಇದೆ."

ಮೊದಲ ಫಿಲ್ಟರಿನ 6.8ಕೆ ತೆಗೆದು ಅಲ್ಲಿ 2.2ಕೆ ಜೊತೆ ಸಾಲಾಗಿ 4.7ಕೆ ಪಾಟ್ ಹಾಕಿದರೆ ಉಬ್ಬು 680ರಿಂದ 1,116 ಹರ್ಟ್ಸ್‌ವರೆಗೆ ಸರಿಯುತ್ತದೆ. ಪಾಟ್ ಡಬ್ಬಿಯಲ್ಲಿದೆ. ಅದನ್ನು ಎಡಗೈಗೆ ಸಿಗುವ ಹಾಗೆ ಎಲ್ಲಿ ಕೂರಿಸುವುದು ಅನ್ನುವುದಷ್ಟೇ ಈಗ ಉಳಿದಿರುವುದು.